ಗೇಟಿನ ಪಕ್ಕದ ಜಾಗ

ಜಗಳ ಶುರುವಾದದ್ದು ಒಂದು ಕಾರು ನಿಲ್ಲುವಷ್ಟು ಜಾಗಕ್ಕೆ. ಹೊಲವಲ್ಲ, ಮನೆಯಲ್ಲ, ಯಾರ ಹೆಸರಿನಲ್ಲೂ ಇಲ್ಲದ, ಮಳೆ ಬಂದರೆ ನೀರು ನಿಲ್ಲುವ ಒಂದು ತುಂಡು ಕಾಂಕ್ರೀಟು. ಅದಕ್ಕಾಗಿ ತಲೆ ನೆರೆತ ಇಬ್ಬರು ಗಂಡಸರು ಕಚ್ಚಾಡಿದರು ಎಂದರೆ ಕೇಳಿದವರಿಗೆ ನಗು ಬರಬೇಕು. ನಗುವ ಹಾಗೆ ಮುಗಿಯಲಿಲ್ಲ, ಅದೇ ಸಂಕಟ.

ಬೂಸಾನಿನ ಬಂದರಿಗೆ ಮುಖ ಮಾಡಿದ ಗುಡ್ಡದ ಮೇಲೆ, ಏರು ಓಣಿ ಮುಗಿಯುವಲ್ಲಿ, ಮೂರು ಅಂತಸ್ತಿನ ಒಂದು ಹಳೇ ಕಟ್ಟಡ. ಎದುರಿಗೆ ಸಮತಟ್ಟಾದ ಸಣ್ಣ ಅಂಗಳ. ಮನೆಗಳು ಆರು, ಗಾಡಿಗೆ ಜಾಗ ನಾಲ್ಕು. ಕೆಳಗಿನ ಮನೆಯಲ್ಲಿ ಬಾಂಗ್ ತೇಸಿಕ್ ಮತ್ತು ಅವನ ಹೆಂಡತಿ ಮಲ್ಸುನ್, ಇಬ್ಬರೇ, ಮಕ್ಕಳಾಗಲಿಲ್ಲ. ತೇಸಿಕ್ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು, ಕೋಪ ಮೂಗಿನ ತುದಿಯಲ್ಲೇ. ಮೇಲಿನ ಅಂತಸ್ತಿನಲ್ಲಿ ನೋ ಕಾಪ್ಸು, ಒಂಟಿ ಮನುಷ್ಯ. ನಸುಕಿನಲ್ಲೇ ಪುಟ್ಟ ಮೋಟಾರು ಗಾಡಿಯಲ್ಲಿ ತೋಫು, ಅಂದರೆ ಸೋಯಾ ಪನೀರು, ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಬರುತ್ತಿದ್ದ. ತೇಸಿಕ್‌ಗಿಂತ ಚಿಕ್ಕವನು, ‘ಅಣ್ಣ’, ‘ಅತ್ತಿಗೆ’ ಎಂದೇ ಮಾತಾಡಿಸುತ್ತಿದ್ದ. ಮಲ್ಸುನ್ ಅವನಿಗೆ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿ ಕೊಡುವಳು, ಅವನು ಬಿಸಿ ಬಿಸಿ ತೋಫು ಬಾಗಿಲಲ್ಲಿಟ್ಟು ಹೋಗುವನು. ವರ್ಷಗಟ್ಟಲೆ ಹಾಗೇ ನಡೆದಿತ್ತು.

ಆ ವರ್ಷ ಮಲ್ಸುನಳ ಹೃದಯ ಕೈಕೊಡತೊಡಗಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ತುಟಿ ನೀಲಿ. ಮೆಟ್ಟಿಲು, ಏರು ಎರಡೂ ಬೇಡವೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಗೇಟಿನ ಪಕ್ಕದ ಜಾಗ ಇನ್ನು ಮೇಲೆ ತನಗೇ ಬೇಕೆಂದು ತೇಸಿಕ್ ಅಂದೇ ತೀರ್ಮಾನಿಸಿದ. ಆದರೆ ಅದು ಕಾಪ್ಸು ಗಾಡಿ ನಿಲ್ಲಿಸುವ ಜಾಗ. ಬೆಳಗ್ಗೆ ಹೊರಡುವಾಗ ನೀರು ತುಂಬಿದ ಕ್ಯಾನೊಂದನ್ನು ಅಲ್ಲಿ ಕಾವಲಿಗಿಟ್ಟು ಹೋಗುತ್ತಿದ್ದ. ಬಾಯಿಬಿಟ್ಟು ಕೇಳಿದ್ದರೆ ಖಂಡಿತ ಬಿಟ್ಟುಕೊಡುತ್ತಿದ್ದ ಮನುಷ್ಯ. ಆದರೆ ತನಗಿಂತ ಚಿಕ್ಕವನ ಹತ್ತಿರ ಕೈಚಾಚುವುದೆಂದರೆ ತೇಸಿಕ್‌ಗೆ ಆಗಿಬರದು. ಒಂದು ದಿನ ಆ ಕ್ಯಾನನ್ನು ಎತ್ತಿ ಚರಂಡಿಗೆ ಎಸೆದು ತನ್ನ ಕಾರು ನಿಲ್ಲಿಸಿದ.

ಕಾಪ್ಸು ಬಂದು ನೋಡಿದ. ಕ್ಯಾನು ಯಾಕೆ ಎಸೆದಿರಿ ಎಂದು ಕೇಳಿದ್ದಕ್ಕೆ, ಇದೇನು ನಿಮ್ಮಪ್ಪನ ಜಾಗವೇ ಎಂಬ ಉತ್ತರ ಬಂತು. ಅಪ್ಪನ ಮಾತು ಬಂದ ಮೇಲೆ ಮುಗಿಯಿತಲ್ಲ. ಅಂದಿನಿಂದ ‘ಅಣ್ಣ’ ಹೋಗಿ ‘ಕೆಳಗಿನ ಮನೆ ಯಜಮಾನ್ರು’ ಬಂತು.

ಮರುವಾರ ತೇಸಿಕ್‌ನ ಕಾರಿನ ಗಾಜಿಗೆ ಯಾರೋ ದೊಡ್ಡ ಕಾಗದ ಅಂಟಿಸಿದ್ದರು, ಕೆರೆದರೂ ಬಾರದಂಥ ಅಂಟು. ಆಸ್ಪತ್ರೆಗೆ ಹೊತ್ತಾಗಿತ್ತು. ಮಲ್ಸುನ್ ಚಳಿಯಲ್ಲಿ ನಿಂತು ನಡುಗುತ್ತಿದ್ದಳು. ಅದನ್ನು ಕಂಡು ತೇಸಿಕ್‌ನ ಪಿತ್ತ ನೆತ್ತಿಗೇರಿತು. ಅವನೂ ಸುಮ್ಮನಿರಲಿಲ್ಲ. ಕಾಪ್ಸುವಿನ ಗಾಡಿ ಬೀದಿಯಲ್ಲಿ ಎಲ್ಲಿ ಒಂದು ಗೇಣು ಗೆರೆ ದಾಟಿ ನಿಂತರೂ ಫೋಟೋ ತೆಗೆದು ನಗರಸಭೆಗೆ ದೂರು ಕಳಿಸಿದ. ಇತ್ತ ತೇಸಿಕ್‌ನ ಚಕ್ರಗಳ ಗಾಳಿ ಇಳಿಯಿತು. ಅತ್ತ ತೋಫು ಗಾಡಿಯ ಮೈಮೇಲೆ ತಲೆಯಿಂದ ಬಾಲದವರೆಗೆ ಮೊಳೆಯ ಗೀರು ಬಿತ್ತು. ಕೊನೆಗೆ ಒಂದು ಬೆಳಗ್ಗೆ ಕಾಪ್ಸು ಗಾಡಿಯ ಹೀಟರ್ ಹಾಕಿದರೆ ಒಳಗೆಲ್ಲ ಗಬ್ಬು ವಾಸನೆ. ಗಾಳಿ ಬರುವ ಕಿಂಡಿಗೆ ಯಾರೋ ಉಪ್ಪಿನಲ್ಲಿ ಕೊಳೆಸಿದ ಮೀನಿನ ರಸ ಸುರಿದಿದ್ದರು. ತೋಫು ತೆಗೆದುಕೊಳ್ಳುವ ಅಂಗಡಿಯವರು ಮೂಗು ಮುಚ್ಚಿಕೊಂಡು ವಾಪಸ್ ಕಳಿಸಿದರು. ಪೊಲೀಸರು ಬಂದು ಮನೆ ಮನೆಗೂ ಕೇಳಿದರು. ಯಾರೂ ಏನೂ ನೋಡಿರಲಿಲ್ಲ.

ಮಲ್ಸುನ್ ನೋಡಿರಲಿಲ್ಲ, ಆದರೆ ಗೊತ್ತಿತ್ತು. ಕಿಮ್ಚಿ ಹಾಕುವ ಕಾಲವೆಂದು ತಂದಿಟ್ಟ ಮೀನಿನ ರಸದ ಬಾಟಲಿ ಅರ್ಧ ಖಾಲಿಯಾಗಿತ್ತು, ಗಂಡನ ತೋಳು ಅದೇ ವಾಸನೆ ಹೊಡೆಯುತ್ತಿತ್ತು. ಪೊಲೀಸರ ಮುಂದೆ ತುಟಿ ಪಿಟಕ್ಕೆನ್ನಲಿಲ್ಲ. ಅವರು ಹೋದ ಮೇಲೆ ಅವನ ಅಂಗಿ ನೆನೆಹಾಕುತ್ತಾ ಅಂದಳು:

“ನನಗೋಸ್ಕರ ಅಂತ ಮಾತ್ರ ಹೇಳ್ಬೇಡಿ. ನಂಗೆ ಆ ಜಾಗ ಬೇಡವೇ ಬೇಡ.”

“ನಿನಗೋಸ್ಕರ ಅಲ್ದೆ ಇನ್ಯಾರಿಗೆ?”

“ನಿಮ್ಮ ಹಟಕ್ಕೆ ರೀ.”

ಮಾತು ಚುಚ್ಚಿತು, ಚುಚ್ಚಿದ್ದಕ್ಕೇ ಹಟ ಇನ್ನೂ ಗಟ್ಟಿಯಾಯಿತು. ಮಲ್ಸುನ್ ಕೂತಲ್ಲೇ ಕೂತು, ಉಳಿದರ್ಧ ಬಾಟಲಿಯಲ್ಲೇ ಆ ವರ್ಷದ ಕಿಮ್ಚಿ ಹಾಕಿ ಮುಗಿಸಿದಳು.

ಅಂಥ ಕಟ್ಟಡಗಳಲ್ಲಿ ಜಾಗ ಸಾಲದಿದ್ದಾಗ ಒಬ್ಬರ ಗಾಡಿಗೆ ಅಡ್ಡಲಾಗಿ ಇನ್ನೊಬ್ಬರು ನಿಲ್ಲಿಸುತ್ತಾರೆ. ತಪ್ಪೇನಿಲ್ಲ. ಆದರೆ ಹಾಗೆ ನಿಲ್ಲಿಸಿದವನು ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಫೋನ್ ನಂಬರಿನ ಚೀಟಿಯನ್ನು ಗಾಜಿನೊಳಗೆ ಕಾಣುವ ಹಾಗೆ ಇಟ್ಟು ಹೋಗಬೇಕು. ಹೊರಡಬೇಕಾದವನು ಆ ಕಾರನ್ನು ಕೈಯಲ್ಲೇ ನೂಕಿ ದಾರಿ ಮಾಡಿಕೊಳ್ಳುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ಬರೆದಿಟ್ಟದ್ದಲ್ಲ. ಅಷ್ಟೂ ಮಾಡದವನನ್ನು ಅಲ್ಲಿ ಮನುಷ್ಯನೆಂದು ಎಣಿಸುವುದಿಲ್ಲ.

ಕಿಮ್ಚಿ ಹಾಕಿದ ವಾರದ ಶನಿವಾರ ಗೇಟಿನ ಪಕ್ಕ ಕಾಪ್ಸುವಿನ ಗಾಡಿ ನಿಂತಿತ್ತು, ಬೇರೆಯವರ ಗಾಡಿಗಳು ಹೊರಗೆ ಹೋಗಿದ್ದವು. ತೇಸಿಕ್ ಅದಕ್ಕೆ ಒತ್ತಿಕೊಂಡು ಅಡ್ಡಲಾಗಿ ತನ್ನ ಕಾರು ತಂದು ನಿಲ್ಲಿಸಿದ. ಒಂದು ಕ್ಷಣ ಕೈ ತಡೆಯಿತು. ಆಮೇಲೆ ಹ್ಯಾಂಡ್‌ಬ್ರೇಕನ್ನು ಕಿರ್ರೆನ್ನುವವರೆಗೆ ಎಳೆದ. ನಂಬರಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡ. ಕಾಪ್ಸುವಿನ ಫೋನನ್ನು ಎಂದೋ ಬ್ಲಾಕ್ ಮಾಡಿಯಾಗಿತ್ತು. ಸಂಜೆಯವರೆಗೆ ಒದ್ದಾಡಲಿ ನನ್ಮಗ ಎಂದುಕೊಂಡು, ಮಾರುಕಟ್ಟೆಯಾಚೆ ಬಾದುಕ್ ಎಂಬ ಕಪ್ಪು-ಬಿಳಿ ಕಾಯಿಗಳ ಆಟ ಆಡುವ ಜಾಗಕ್ಕೆ ನಡೆದೇ ಹೋದ. ಅಲ್ಲಿ ಕಪ್ಪು ಕಾಯಿ ಹಿಡಿದು ಕೂತಾಗ ಹೊಟ್ಟೆಯೆಲ್ಲ ತಣ್ಣಗಾಗಿತ್ತು.

ನಡುವೆ ಫೋನ್ ಬಂತು, ಗೊತ್ತಿಲ್ಲದ ನಂಬರು. ಇನ್ನೊಂದು ಬಂತು, ಅದೂ ಗೊತ್ತಿಲ್ಲದ್ದು. ಯಾರ್ಯಾರದೋ ಫೋನ್ ಇಸಕೊಂಡು ಮಾಡ್ತಿದ್ದಾನೆ ಎಂದು ಎದುರಿಗಿದ್ದವನಿಗೆ ಹೇಳಿ ನಕ್ಕ. ಮತ್ತೆ ಬಂದಾಗ ಫೋನನ್ನೇ ಆರಿಸಿಟ್ಟ. ಆಟ ಗೆದ್ದ.

ಕತ್ತಲಾಗುವ ಮುಂಚೆ ಓಣಿ ಹತ್ತಿ ಬಂದರೆ ಅಂಗಳದಲ್ಲಿ ಜನ. ತನ್ನ ಕಾರು ಇಟ್ಟಲ್ಲೇ ಇತ್ತು, ಅದರ ಹಿಂದೆ ತೋಫು ಗಾಡಿಯೂ. ನಡುವಣ ಅಂತಸ್ತಿನ ಹೆಂಗಸು ಆಸ್ಪತ್ರೆಯ ಹೆಸರು ಹೇಳಿ, ಟ್ಯಾಕ್ಸಿ ಹಿಡಿದು ಹೋಗಿ ಎಂದಳು. ಅವನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಲ್ಸುನಳ ಮುಖದ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ಬಾಗಿಲ ಬಳಿ ಬೆಂಚಿನ ಮೇಲೆ ಕಾಪ್ಸು ಕೂತಿದ್ದ, ಎರಡೂ ಮಂಡಿ ತರಚಿ ಪ್ಯಾಂಟಿಗೆ ರಕ್ತ ಮೆತ್ತಿತ್ತು.

ನಡೆದದ್ದನ್ನು ಅವನೇ ಹೇಳಿದ, ತಲೆ ಎತ್ತದೆ. ಅತ್ತಿಗೆ ಕಿಮ್ಚಿ ಡಬ್ಬಿ ಎತ್ತಿಕೊಂಡು ಮೂರನೇ ಅಂತಸ್ತಿನವರೆಗೆ ಹತ್ತಿ ಬಂದರು. ನಮ್ಮವರು ಮಾಡಿದ್ದು ತಪ್ಪು, ಹೊಟ್ಟೆಗೆ ಹಾಕಿಕೋ ಎಂದು ತಲೆ ಬಾಗಿಸಿದರು. ಬಾಗಿಸಿದವರು ಅಲ್ಲೇ ಕುಸಿದರು. ಶನಿವಾರದ ಸಂತೆ, ಓಣಿಯ ಎರಡೂ ಕಡೆ ಗಾಡಿಗಳು. ಆಂಬುಲೆನ್ಸ್ ಕೆಳಗೇ ಸಿಕ್ಕಿಕೊಂಡಿತ್ತು. ಕೊನೆಗೆ ಬೆನ್ನ ಮೇಲೆ ಹೊತ್ತು ಇಳಿದೆ, ನಡುವೆ ಒಂದು ಸಲ ಮುಗ್ಗರಿಸಿದೆ, ಕ್ಷಮಿಸಿ. ಇಷ್ಟೇ ಹೇಳಿದ. ತನ್ನ ಪುಟ್ಟ ಗಾಡಿ ದಿನಾ ನುಸುಳುವ ಓಣಿ ಅದು. ಅದನ್ನೇಕೆ ತೆಗೆಯಲಿಲ್ಲ ಎಂದು ಅವನು ಹೇಳಲಿಲ್ಲ.

ಆಸ್ಪತ್ರೆಯ ಕೆಳಗಿನ ಅಂತ್ಯಕ್ರಿಯೆಯ ಕೋಣೆಯಲ್ಲಿ, ಸೇವಂತಿಗೆಯ ನಡುವೆ ಇಟ್ಟ ಮಲ್ಸುನಳ ಫೋಟೋಗೆ ಕಾಪ್ಸು ಎರಡು ಸಲ ಅಡ್ಡಬಿದ್ದ. ಗಾಯದ ಮಂಡಿ ನೆಲಕ್ಕೆ ತಾಗಿದಾಗ ಹಲ್ಲು ಕಚ್ಚಿದ್ದು ಕಾಣುತ್ತಿತ್ತು. ಕೊನೆಯವರೆಗೂ ಬಂದವರಿಗೆಲ್ಲ ಬಿಸಿ ಸಾರು, ಅನ್ನ ಬಡಿಸಿದವನೂ ಅವನೇ.

ಎಲ್ಲ ಮುಗಿಸಿ ಬಂದ ಮೇಲೆ ತೇಸಿಕ್ ಕಾರು ತೆಗೆಯಲು ಹೋದ. ಹ್ಯಾಂಡ್‌ಬ್ರೇಕ್ ಇಳಿಸಿ ಕಾರನ್ನು ಸ್ವಲ್ಪ ಮುಂದೆ ಒಯ್ದು, ಇಳಿದು ನೋಡಿದರೆ ಕಾಂಕ್ರೀಟಿನ ಮೇಲೆ ಕಪ್ಪು ಗೆರೆಗಳು. ಚಕ್ರ ಉರುಳದೆ ಎಳೆದುಕೊಂಡು ಹೋದರೆ ಬೀಳುವಂಥವು, ಗೇಣುದ್ದ. ತಿರುಗದ ಚಕ್ರವನ್ನು ಗೇಣುದ್ದ ಜರುಗಿಸಬೇಕಾದರೆ ಇಡೀ ಕಟ್ಟಡವೇ ಹೆಗಲು ಕೊಟ್ಟಿರಬೇಕು. ಅವನು ಅಲ್ಲೇ ಕುಕ್ಕರಿಸಿ ಕೂತ.

ಕಾಪ್ಸು ಮೆಟ್ಟಿಲಿಳಿದು ಬಂದ. ಕೈಯಲ್ಲಿ ಮಲ್ಸುನಳ ಕಿಮ್ಚಿ ಡಬ್ಬಿ, ತೊಳೆದು ಒರೆಸಿ, ಒಳಗೆ ಬಿಸಿ ತೋಫು ತುಂಬಿದ್ದು.

“ಅಣ್ಣ, ಅತ್ತಿಗೆ ಡಬ್ಬಿ. ಖಾಲಿ ಕೊಡಬಾರದಲ್ಲ.”

ಎಷ್ಟು ತಿಂಗಳಾಗಿತ್ತೋ ಆ ಕರೆ ಕೇಳಿ. ತೇಸಿಕ್ ನೆಲದ ಗೆರೆಯ ಮೇಲೆ ಬೆರಳಿಟ್ಟ.

“ಇದೇನು ಕಾಪ್ಸು?”

“ನನ್ನ ಗಾಡೀದು. ಹಳೇ ಗುರುತು.”

“ನಿನ್ನ ಗಾಡಿ ಒಳಗಡೆ ನಿಂತಿತ್ತಲ್ಲೋ.”

ಕಾಪ್ಸು ಡಬ್ಬಿಯನ್ನು ಅವನ ಕೈಗಿಟ್ಟ.

“ನನ್ನ ಕಾರು ನೂಕಿದ್ರಿ, ಅಲ್ವಾ? ಅದು ಅಲ್ಲಾಡ್ಲಿಲ್ಲ.”

“ಬಿಡಿ ಅಣ್ಣ. ಈಗ್ಯಾಕೆ ಅದು? ಅವ್ರಿಗೆ ಕಾರಿನ ವಿಷ್ಯ ಹೇಳ್ಬೇಡ ಅಂತ ಅತ್ತಿಗೆ...”

ಅಷ್ಟಕ್ಕೇ ನಿಲ್ಲಿಸಿದ, ಆದರೆ ಮಾತು ಜಾರಿಯಾಗಿತ್ತು. ಹಾಗಾದರೆ ಅವಳಿಗೆ ಗೊತ್ತಿತ್ತು. ಓಣಿ ಇಳಿಯುವಾಗ, ಆ ಪರರ ಬೆನ್ನಿಗೆ ಕೆನ್ನೆ ಒತ್ತಿಕೊಂಡು, ಉಳಿದಿದ್ದ ಒಂದಿಷ್ಟು ಉಸಿರನ್ನು ಅವಳು ಈ ಮಾತಿಗೆ ಖರ್ಚು ಮಾಡಿದ್ದಳು. ತೇಸಿಕ್ ಡಬ್ಬಿಯನ್ನು ಎದೆಗೆ ಅವುಚಿಕೊಂಡು ದನಿ ತೆಗೆದು ಅತ್ತ. ಆಸ್ಪತ್ರೆಯಲ್ಲಿ, ಫೋಟೋದ ಮುಂದೆ, ಎಲ್ಲೂ ಬಾರದ ಅಳು ಅಂಗಳದಲ್ಲಿ ಬಂತು. ಕಾಪ್ಸು ಪಕ್ಕದಲ್ಲೇ ಕೂತು, ಅದು ಮುಗಿಯುವವರೆಗೆ ಕಾದ.

ತೇಸಿಕ್ ಈಗ ಕಾರನ್ನು ಕೆಳಗೆ ಮಾರುಕಟ್ಟೆಯ ಹತ್ತಿರ ನಿಲ್ಲಿಸಿ ಏರು ಹತ್ತಿ ಬರುತ್ತಾನೆ. ಕಾಪ್ಸುವೂ ಗೇಟಿನ ಪಕ್ಕ ಕ್ಯಾನು ಇಡುವುದನ್ನು ಬಿಟ್ಟು, ತನ್ನ ಗಾಡಿಯನ್ನು ಓಣಿಯಾಚೆ ಎಲ್ಲೋ ನಿಲ್ಲಿಸುತ್ತಾನೆ. ಗೇಟಿನ ಪಕ್ಕ ಬೇರೆ ಯಾರದೋ ಬೂದು ಬಣ್ಣದ ಕಾರು ಬಂದು ನಿಲ್ಲತೊಡಗಿದೆ. ಅದು ಯಾರದೆಂದು ಇಬ್ಬರೂ ಇನ್ನೂ ವಿಚಾರಿಸಿಲ್ಲ.