ಜನವರಿ ಮೂವತ್ತರ ಮಾಳಿಗೆ

ಬನಹಟ್ಟಿಯ ನೇಕಾರ ಅರುಣನಿಗೆ ಜನವರಿ ಮೂವತ್ತು ಬಂತೆಂದರೆ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಮಧ್ಯಾಹ್ನವಾಗುತ್ತಲೇ ತನ್ನ ಪವರ್‌ಲೂಮ್ ನಿಲ್ಲಿಸಿ, ರೇಡಿಯೊ ಹಿಡಿದು ಮಾಳಿಗೆ ಹತ್ತುವನು. ೧೯೬೯ರಲ್ಲಿ ಅದೇ ದಿನ ಲಂಡನ್ನಿನಲ್ಲಿ ಬೀಟಲ್ಸ್ ಎಂಬ ನಾಲ್ವರು ಹಾಡುಗಾರರು ತಮ್ಮ ಕಚೇರಿಯ ಮಾಳಿಗೆ ಹತ್ತಿ ಹಾಡಿದ್ದರು. ಜನರೆದುರು ನಾಲ್ವರೂ ಕೂಡಿ ಹಾಡಿದ್ದು ಅದೇ ಕೊನೆ. ಇದನ್ನು ಕಟ್ಟಿಕೊಂಡು ಬನಹಟ್ಟಿಗೇನು ಎಂದು ನೀವು ಕೇಳಬಹುದು. ಬೇಕಾಗಿದ್ದು ಅರುಣನಿಗೆ, ಅದೂ ಪೂನಮ್‌ಳ ಸಲುವಾಗಿ.

ಪೂನಮ್ ಅನಗವಾಡಿಯ ಕುರಿಗಾರ ಅಮಸಿದ್ದಪ್ಪನ ಮಗಳು. ಜಮಖಂಡಿ ಕಾಲೇಜಿನಲ್ಲಿ ಇಬ್ಬರದೂ ಒಂದೇ ವರ್ಗ. ರಾಕ್ ಸಂಗೀತದಲ್ಲಿ ಆಯಾ ದಿನ ಏನೇನು ನಡೆದಿತ್ತೆಂದು ಹೇಳುವ ಇಂಗ್ಲಿಷ್ ರೇಡಿಯೊ ಕಾರ್ಯಕ್ರಮದ ಹುಚ್ಚು ಹಿಡಿಸಿದವಳು ಅವಳೇ. ಪ್ರತಿ ವರ್ಷ ಆ ತಾರೀಖಿಗೆ ಅವಳು ಅಲ್ಲಿ, ಇವನು ಇಲ್ಲಿ ಮಾಳಿಗೆ ಹತ್ತಿ ಅದನ್ನು ಕೇಳಬೇಕೆಂದು ಮಾತಾಗಿತ್ತು. ಆಮೇಲೆ ಅಣೆಕಟ್ಟಿನ ಹಿನ್ನೀರು ಅವಳ ಮನೆಯನ್ನು ನುಂಗಿತು. ಪುನರ್ವಸತಿಯ ತಗಡಿನ ಮನೆಗೆ ಮಾಳಿಗೆ ಎಲ್ಲಿಯದು! ಅವಳು ಈಗ ಎಲ್ಲಿ ನಿಂತು ಕೇಳುತ್ತಾಳೋ, ಮರೆತೇಬಿಟ್ಟಳೋ ಎಂದು ಅರುಣ ಹಂಬಲಿಸುತ್ತಿದ್ದ.

೨೦೦೨ರ ಆ ದಿನ ಅವಳೇ ಬಂದಳು. ಮದುವೆಯ ಜವಳಿ ತೆಗೆಯಲು ಮನೆಮಂದಿಯೆಲ್ಲ ಟೆಂಪೊ ಮಾಡಿಕೊಂಡು ಬಂದಿದ್ದರು. ಮದುವೆ ಅವಳದೇ, ಗಂಡು ಲೋಕಾಪುರದವನು. ಹೊರಡುವ ಹೊತ್ತಿಗೆ ನೀರು ಕುಡಿದು ಬರುತ್ತೇನೆಂದು ಇಳಿದವಳು ನೇರ ಅರುಣನ ಮಾಳಿಗೆ ಹತ್ತಿದಳು. ಓಣಿಯ ಮಗ್ಗಗಳೆಲ್ಲ ಬಡಿದುಕೊಳ್ಳುತ್ತಿದ್ದವು. ರೇಡಿಯೊ ಹಾಡುತ್ತಿದೆಯೋ ಸತ್ತಿದೆಯೋ ತಿಳಿಯುವಂತಿರಲಿಲ್ಲ. ಅವಳು ಅವನ ಕಿವಿಗೆ ಬಾಯಿ ಹಚ್ಚಿ ಕೂಗಿದಳು.

"ನೀ ಇಲ್ಲೇ ಇರ್ತಿ ಅಂತ ಗೊತ್ತಿತ್ತು. ಏನರ ಹೇಳೂದಿದ್ರ ಈಗ ಹೇಳು. ಅಪ್ಪಗ ನಾ ಹೇಳ್ತೇನಿ."

ಅರುಣ ಹೇಳಿದ. ಹೋಗಬೇಡ ಎಂದ, ನಿನ್ನ ಬಿಟ್ಟು ಇರಲಾರೆ ಎಂದ. ಆದರೆ ಮಗ್ಗದ ಗದ್ದಲದಲ್ಲಿ ಬೆಳೆದ ಮಂದಿ ದನಿ ಏರಿಸುವುದಿಲ್ಲ. ಬರೀ ತುಟಿ ಆಡಿಸುತ್ತಾರೆ, ಎದುರಿನವರು ಅದನ್ನೇ ನೋಡಿ ತಿಳಿಯುತ್ತಾರೆ. ಇವನೂ ರೂಢಿಯಂತೆ ದನಿಯಿಲ್ಲದೆ ಎಲ್ಲ ಹೇಳಿ ಮುಗಿಸಿದ. ಬಯಲಲ್ಲಿ ಕುರಿ ಕೂಗಿ ಬೆಳೆದವಳಿಗೆ ತುಟಿ ಓದಲು ಬರುತ್ತದೆಯೇ? ಧೈರ್ಯ ಸಾಲದೆ ತುಟಿ ನಡುಗುತ್ತಿದೆ ಎಂದುಕೊಂಡಳು ಪಾಪ. ಇನ್ನೂ ಸ್ವಲ್ಪ ಕಾದಳು. ಕೆಳಗೆ ಟೆಂಪೊ ಹಾರ್ನ್ ಹೊಡೆಯುತ್ತಲೇ ಇತ್ತು. ಕಣ್ಣೊರೆಸಿಕೊಂಡು ಇಳಿದು ಹೋದಳು.

ಅಪ್ಪನಿಗೆ ಹೇಳಲು ಹೋದಳೆಂದು ಅರುಣ ನಗುತ್ತ ನಿಂತ. ಟೆಂಪೊ ಹೊರಟಿತು, ತಿರುವು ದಾಟಿತು. ಅಷ್ಟರಲ್ಲಿ ಕರೆಂಟ್ ಹೋಗಿ ಓಣಿಯೆಲ್ಲ ಒಮ್ಮೆಲೇ ತಣ್ಣಗಾಯಿತು. ಅವನ ತುಟಿ ಇನ್ನೂ ಆಡುತ್ತಿತ್ತು. ಅದಕ್ಕೆ ದನಿಯೇ ಇರಲಿಲ್ಲವೆಂದು ಆಗ ಅವನಿಗೆ ತಿಳಿಯಿತು.

"ಹೋಗಬ್ಯಾಡ," ಎಂದು ಒದರಿದ.

ಕೆಳಗೆ ಅಂಗಳದಲ್ಲಿ ನೂಲು ಸುತ್ತುತ್ತಿದ್ದ ಅವನ ಅವ್ವ ಅನಸವ್ವ ಕತ್ತೆತ್ತಿ ನೋಡಿ, "ನಾ ಎಲ್ಲಿಗೂ ಹೊಂಟಿಲ್ಲಪಾ," ಎಂದಳು.