ಕೀರ್ತನ್ ಸರ್ ಕ್ಷಮಿಸಿದರು

ಬಯ್ಯುವುದರಲ್ಲಿ ಕೀರ್ತನ್ ಎತ್ತಿದ ಕೈ. ಹಾಗಂತ ಎಲ್ಲರನ್ನೂ ಬಯ್ಯುವ ಧೈರ್ಯ ಅವನಿಗಿರಲಿಲ್ಲ. ಹೆಂಡತಿ ಭವ್ಯಶ್ರೀಯ ಎದುರು ದನಿ ಏರುತ್ತಿರಲಿಲ್ಲ, ದುಬೈಯ ಜೆಬೆಲ್ ಅಲಿಯ ಆಫೀಸಿನಲ್ಲಿ ಮ್ಯಾನೇಜರ್ ಮೋಹನದಾಸರ ಎದುರಂತೂ ಬೆಣ್ಣೆಯಂತಿರುತ್ತಿದ್ದ. ಆದರೆ ವಾರದ ರಜೆಯಾದ ಶುಕ್ರವಾರ ಬೆಳಿಗ್ಗೆ ಡಿಸ್ಕವರಿ ಗಾರ್ಡನ್ಸಿನ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಇನ್ನೊಬ್ಬರು ಬರೆದ ಪ್ರೋಗ್ರಾಮ್ ತಿದ್ದಲು ಕೂತನೆಂದರೆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದ.

ಅವನದು ಒಂದು ಓಪನ್ ಸೋರ್ಸ್ ಬಳಗ. ನಾಲ್ಕು ಜನ ಸೇರಿ ಪ್ರೋಗ್ರಾಮ್ ಬರೆದು, ಯಾರು ಬೇಕಾದರೂ ನೋಡಲಿ, ಬಳಸಲಿ, ತಿದ್ದಲಿ ಎಂದು ಬಯಲಿನಲ್ಲಿ ಇಟ್ಟುಬಿಡುವವರು. ಅದರಲ್ಲಿ ಸಂಬಳ ಇಲ್ಲ, ಸನ್ಮಾನವೂ ಇಲ್ಲ. ಯಾರು ಯಾವ ಭಾಗ ಬರೆದರೋ ಅವರ ಹೆಸರು ಅದರ ಪಕ್ಕದಲ್ಲಿ ಉಳಿಯುತ್ತದೆ, ಅಷ್ಟೆ. ದುಬೈಯ ಒಂದು ಕಾಲೇಜಿನವರು ಕೇಳಿಕೊಂಡಿದ್ದರಿಂದ, ಕೊನೆಯ ವರ್ಷದ ಹುಡುಗರ ಪ್ರಾಜೆಕ್ಟುಗಳಿಗೆ ಈ ಬಳಗದವರೇ ಮಾರ್ಗದರ್ಶಕರಾಗಿ ನಿಲ್ಲುತ್ತಿದ್ದರು. ಹುಡುಗ ಬರೆದದ್ದನ್ನು ಮೇಲ್‌ನಲ್ಲಿ ಕಳಿಸಬೇಕು, ಗುರು ಜಾಲಾಡಬೇಕು, ಸರಿಯಾದ ಮೇಲೆ ಮೂಲ ಪ್ರೋಗ್ರಾಮಿಗೆ ಸೇರಿಸಬೇಕು. ಜಾಲಾಡುವಾಗ ನಾಲಿಗೆ ಬಿಗಿಹಿಡಿಯುವ ಪದ್ಧತಿ ಆ ಬಳಗದಲ್ಲಿರಲಿಲ್ಲ. ‘ಇದು ಕಸ’, ‘ಇದನ್ನು ಬರೆದ ಕೈಗೆ ರಜೆ ಕೊಡು’ ಎಂದೆಲ್ಲ ಬರೆಯುವುದು ಅಲ್ಲಿ ನಮಸ್ಕಾರ ಹೇಳಿದಷ್ಟು ಮಾಮೂಲು. ಬೈಸಿಕೊಂಡವನು ಮುಂದಿನ ವರ್ಷ ತಾನೂ ಇನ್ನೊಬ್ಬನಿಗೆ ಬಯ್ಯುತ್ತಿದ್ದ. ಕೀರ್ತನನಿಗೆ ಅವನದೇ ಒಂದು ಪೇಟೆಂಟ್ ಬೈಗುಳವಿತ್ತು: ‘ಇದನ್ನು ಬಿಸಾಡಿದ್ದೇನೆ. ನಾನೇ ಹೊಸದಾಗಿ ಬರೆಯುತ್ತೇನೆ.’ ಬಿಸಾಡುತ್ತಲೂ ಇರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಅದು ಬಳಗದವರಿಗೆಲ್ಲ ಗೊತ್ತಿದ್ದ ಸಂಗತಿ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನಾರರಲ್ಲಿ, ಅವನ ಪಾಲಿಗೆ ಬಂದವನು ಝಹೀರ್. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಹಿಯುದ್ದೀನರ ಮಗ. ಮುಹಿಯುದ್ದೀನರು ಒಂದು ಲೇಬರ್ ಕಂಪನಿಯಲ್ಲಿ ಬಸ್ಸುಗಳ ಉಸ್ತುವಾರಿ. ಮುಹೈಸ್ನಾದ ಕ್ಯಾಂಪುಗಳಿಂದ ಜೆಬೆಲ್ ಅಲಿಗೆ ಕೆಲಸಗಾರರನ್ನು ಹೊತ್ತು ತರುವ ಬಸ್ಸುಗಳು. ‘ಬಸ್ಸು ಎಲ್ಲಿ?’ ಎಂಬ ಫೋನು ಅವರಿಗೆ ದಿನವಿಡೀ. ಅದನ್ನು ಕೇಳಿ ಕೇಳಿ ಬೆಳೆದ ಮಗ, ಮಿಸ್ ಕಾಲ್ ಕೊಟ್ಟರೆ ಸಾಕು, ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಮೆಸೇಜು ಬರುವ ಹಾಗೆ ಬಳಗದ ಹಳೆಯ ಪ್ರೋಗ್ರಾಮನ್ನು ಬೆಳೆಸಲು ಹೊರಟ. ಗೋದಾಮುಗಳ ನಡುವೆ ಸಿಗ್ನಲ್ ಸತ್ತಾಗಲೂ ಬಸ್ಸಿನ ಜಾಗ ಊಹಿಸಬೇಕು. ಅದೇ ಕಷ್ಟದ ಭಾಗ, ಅದನ್ನು ಅವನು ಅಚ್ಚುಕಟ್ಟಾಗಿ ಮಾಡಿದ್ದ.

ಮಾಡಲೇಬೇಕಿತ್ತು ಕೂಡ. ಹದಿನೆಂಟು ದಾಟಿದ ಗಂಡು ಮಕ್ಕಳು ಓದುತ್ತಿರುವಷ್ಟು ಕಾಲ ಮಾತ್ರ ಅಪ್ಪನ ವೀಸಾದಲ್ಲಿ ಇರಬಹುದು. ಪ್ರಾಜೆಕ್ಟ್ ಪಾಸಾದರೆ ಕೆಲಸ ಕೊಡುತ್ತೇವೆ, ವೀಸಾ ಕೊಡುತ್ತೇವೆ ಎಂದು ಒಂದು ಕಂಪನಿ ಮಾತು ಕೊಟ್ಟಿತ್ತು. ಪಾಸಾಗದಿದ್ದರೆ ಗಂಟುಮೂಟೆ ಕಟ್ಟಬೇಕು. ಹುಟ್ಟಿದ್ದು ದುಬೈಯಲ್ಲಿ, ಬೆಳೆದದ್ದು ದುಬೈಯಲ್ಲಿ. ಉಪ್ಪಿನಂಗಡಿ ಅವನಿಗೆ ರಜೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಬರುವ ಊರು.

ಹುಡುಗನ ಕೆಲಸ ಚೆನ್ನಾಗಿದೆಯೆಂದು ಕೀರ್ತನನಿಗೆ ಮೊದಲ ತಿಂಗಳೇ ಗೊತ್ತಾಯಿತು. ಗೊತ್ತಾದಷ್ಟೂ ಬೈಗುಳ ಜಾಸ್ತಿಯಾಯಿತು. ಝಹೀರ್ ಪ್ರತಿ ಸಲವೂ “ಥ್ಯಾಂಕ್ಯೂ ಸರ್” ಎಂದು ಬರೆದು, ಹೇಳಿದ ಜಾಗವನ್ನು ತಿದ್ದಿ ಕಳಿಸುತ್ತಿದ್ದ.

ಎಲ್ಲ ಸರಿಯಾದ ಮೇಲೆ ಒಂದು ಗುರುವಾರ ಸಂಜೆ ಕೀರ್ತನ್ ಹುಡುಗ ಕಳಿಸಿದ ಚೂರುಪಾರುಗಳನ್ನೆಲ್ಲ ಒಟ್ಟು ಮಾಡಿ ಮೂಲ ಪ್ರೋಗ್ರಾಮಿಗೆ ಸೇರಿಸಲು ಕೂತ. ಹಾಗೆ ಸೇರಿಸುವಾಗ ಬರೆದವನ ಹೆಸರನ್ನು ಕೈಯಾರೆ ನಮೂದಿಸಬೇಕು. ಮರೆತರೆ ಸೇರಿಸಿದವನ ಹೆಸರೇ ಕೂತುಬಿಡುತ್ತದೆ. ಕೆಳಗೆ ಕಾರಿನಲ್ಲಿ ಭವ್ಯಶ್ರೀ ಹಾರ್ನ್ ಹೊಡೆಯುತ್ತಿದ್ದಳು, ದೇರಾದಲ್ಲಿ ಯಕ್ಷಗಾನವಿತ್ತು. ಇವನು ಗಡಿಬಿಡಿಯಲ್ಲಿ ಗುಂಡಿ ಒತ್ತಿ ಓಡಿದ. ಅರ್ಧ ದಾರಿಯಲ್ಲಿ ನೆನಪಾಯಿತು. ನಾಳೆ ಸರಿ ಮಾಡಿದರಾಯಿತು ಎಂದುಕೊಂಡ. ಇಲ್ಲಿಯವರೆಗೆ ಅವನದು ಬರೀ ಮರೆವು, ಅಷ್ಟು ನ್ಯಾಯ ಅವನಿಗೂ ಸಲ್ಲಬೇಕು.

ಶುಕ್ರವಾರ, ಶನಿವಾರದ ರಜೆ ನಿದ್ದೆಯಲ್ಲಿ ಹೋಯಿತು. ಭಾನುವಾರ ಆಫೀಸಿನಲ್ಲಿ ಮೋಹನದಾಸರು ಅವನ ಮೇಜಿನ ಬಳಿಗೇ ಬಂದರು. ಕಂಪನಿಯ ಬಸ್ಸುಗಳಿಗೆ ಇಂಥದ್ದೇ ಏನನ್ನೋ ಹುಡುಕುತ್ತಿದ್ದವರು, ಆ ಪ್ರೋಗ್ರಾಮನ್ನೂ ಅದರ ಪಕ್ಕದಲ್ಲಿದ್ದ ಕೀರ್ತನನ ಹೆಸರನ್ನೂ ನೋಡಿಬಿಟ್ಟಿದ್ದರು.

“ಎಂತ ಮಾರಾಯ, ನೀನು ಇಷ್ಟು ಹುಷಾರುಂಟು ಅಂತ ಹೇಳ್ಲೇ ಇಲ್ವಲ್ಲ! ಅಬುಧಾಬಿ ಆಫೀಸಿಗೆ ಒಬ್ರು ಹೆಡ್ ಬೇಕಂತೆ. ಇದನ್ನೇ ತೋರಿಸುವ, ಆಯ್ತಾ?”

ಕೀರ್ತನ್ ಬಾಯಿ ತೆರೆದ. ಆಮೇಲೆ ಹಲ್ಲು ಕಿರಿದ. “ಸಣ್ಣದೊಂದು ಪ್ರಯತ್ನ ಸರ್” ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಸಂಜೆ ಝಹೀರನ ಮೇಲ್ ಬಂತು. ಸರ್, ನನ್ನ ಹೆಸರು ಕಾಣುತ್ತಿಲ್ಲ, ಏನಾದರೂ ತಪ್ಪಾಗಿದೆಯಾ ಎಂದು ವಿನಯದಿಂದ ಕೇಳಿದ್ದ. ಕೀರ್ತನ್ ಒಂದೇ ಸಾಲು ಬರೆದ: ‘ನೀನು ಕಲಿಯಲು ಬಂದವನೋ, ಹೆಸರು ಮಾಡಲು ಬಂದವನೋ?’ ಹುಡುಗನಿಗೆ ನಾಚಿಕೆಯಾಯಿತು. ಮತ್ತೆ ಕೇಳಲಿಲ್ಲ.

ಆದರೆ ಕಾಲೇಜಿನವರು ಕೇಳಿದರು. ಪರೀಕ್ಷೆಯ ದಿನ ಪ್ರೋಗ್ರಾಮ್ ತೆರೆದು ನೋಡಿದರೆ ಆದ್ಯಂತ ಕೀರ್ತನನ ಹೆಸರು. ಝಹೀರ್ ತಾನು ಕಳಿಸಿದ ಮೇಲ್‌ಗಳನ್ನು ತೋರಿಸಿದ. ಅವುಗಳ ಕೆಳಗೇ ಗುರುವಿನ ಉತ್ತರಗಳೂ ಇದ್ದವು: ಇದನ್ನು ಬಿಸಾಡಿದ್ದೇನೆ, ನಾನೇ ಹೊಸದಾಗಿ ಬರೆಯುತ್ತೇನೆ. ಹುಡುಗನ ಪ್ರತಿಯೊಂದು ಸಾಕ್ಷಿಗೂ ಆ ಉತ್ತರ ಅಂಟಿಕೊಂಡಿತ್ತು. “ಅದು ಸುಮ್ಮನೆ ಬಯ್ಯುವುದು ಮೇಡಂ, ಅವರು ಎಲ್ಲರಿಗೂ ಹಾಗೇ ಹೇಳ್ತಾರೆ” ಎಂದು ಹುಡುಗ ಹೇಳಿದರೆ, ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡಿದರು. ಮೇಷ್ಟ್ರಾದವರು ಹೀಗೆ ಬರೆಯುತ್ತಾರೆಂದು ಅವರು ಎಲ್ಲಿಯೂ ಕಂಡಿರಲಿಲ್ಲ. ಕೊನೆಗೆ ಕೀರ್ತನನನ್ನೇ ಕರೆಸಿದರು.

ವಿಭಾಗದ ಮುಖ್ಯಸ್ಥೆ ಡಾಕ್ಟರ್ ಮಗ್ದಲೀನ್. ಮೇಜಿನ ಆಚೆ ಅವರು, ಬದಿಯಲ್ಲಿ ಝಹೀರ್, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಮುಹಿಯುದ್ದೀನರು. ಕಾಲೇಜಿನವರು ಬರಹೇಳಿದ್ದಕ್ಕೆ ಡ್ಯೂಟಿ ಬಿಟ್ಟು ಬಂದಿದ್ದರು. ಕೀರ್ತನ್ ಒಳಗೆ ಬಂದಾಗ ಝಹೀರನ ಮುಖ ಅರಳಿತು. ಇನ್ನು ಚಿಂತೆಯಿಲ್ಲ, ಸರ್ ಬಂದರು ಎಂಬಂತೆ ನೆಟ್ಟಗೆ ಕೂತ. ಅದನ್ನು ಕಂಡು ಕೀರ್ತನನಿಗೆ ಸಿಟ್ಟೇ ಬಂತು. ಯಾರು ಹೇಳಿದ್ದು ಇವನಿಗೆ ತನ್ನನ್ನು ಇಷ್ಟು ನಂಬು ಅಂತ?

ಮೊದಲು ಇಂಗ್ಲಿಷಿನಲ್ಲೇ ಅದೂ ಇದೂ ಕೇಳಿದ ಮಗ್ದಲೀನ್ ಕನ್ನಡಕ ತೆಗೆದಿಟ್ಟು ಕನ್ನಡಕ್ಕೆ ತಿರುಗಿದರು. “ನೋಡಿ ಕೀರ್ತನ್, ನಾನೂ ಮಂಗಳೂರಿನವಳೇ. ಹುಡುಗನ ಭವಿಷ್ಯ ಉಂಟು ಇದರಲ್ಲಿ. ನೀವು ಬರೆದದ್ದು ಅಂತ ಆದ್ರೆ ಕಾಲೇಜಿಂದ ತೆಗೀಬೇಕಾಗ್ತದೆ. ಅವನೇ ಬರೆದದ್ದು ಅಂತ ನೀವು ಒಂದು ಮಾತು ಹೇಳಿ, ಈಗಲೇ ಪಾಸ್ ಮಾಡ್ತೇನೆ. ನೀವು ಬಿಸಾಡಿದ್ದು ನಿಜವಾ?”

ಎಲ್ಲವೂ ಆ ಒಂದು ಮಾತಿಗೆ ಬಂದು ನಿಂತಿತ್ತು. ಅಬುಧಾಬಿಯ ಹೊಸ ಹುದ್ದೆಯ ಕಾಗದ ಆ ವಾರ ಬರುವುದಿತ್ತು. ‘ಅವನದೇ’ ಎಂದರೆ ನಾಳೆ ಮೋಹನದಾಸರಿಗೆ ಏನು ಹೇಳುವುದು? ಕೀರ್ತನ್ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದ. ಅಪ್ಪಟ ಸುಳ್ಳು ಹೇಳುವ ಗಂಡೆದೆ ಅವನಿಗಿರಲಿಲ್ಲ, ನಿಜ ಹೇಳುವುದಂತೂ ದೂರವೇ ಉಳಿಯಿತು.

“ಪ್ರಯತ್ನ ಪಟ್ಟಿದ್ದಾನೆ ಮೇಡಂ, ಇಲ್ಲ ಅಂತ ಹೇಳುವುದಿಲ್ಲ” ಎಂದ. “ಆದ್ರೆ ಈಗ ಇರುವುದರಲ್ಲಿ ಅವನದ್ದು ಎಷ್ಟು ಅಂತ ಕೇಳಿದ್ರೆ... ಹೇಳುವುದು ಕಷ್ಟ. ಚಿಕ್ಕ ಹುಡುಗ, ಏನೋ ಆಸೆಗೆ ಬಿದ್ದಿದ್ದಾನೆ. ಸ್ವಲ್ಪ ನೋಡಿ ಮಾಡಿ.”

ಶಿಫಾರಸಿನ ದನಿಯಲ್ಲಿ ಕತ್ತು ಕುಯ್ಯುವುದೆಂದರೆ ಹೀಗೆ. ಮಗ್ದಲೀನ್ ಕನ್ನಡಕ ಹಾಕಿಕೊಂಡು ಬರೆಯತೊಡಗಿದರು. ಮುಹಿಯುದ್ದೀನರು ಎದ್ದು ನಿಂತು, ಮಗನ ಕಡೆ ಒಮ್ಮೆಯೂ ನೋಡದೆ, ಬಾಗಿಲು ತೆರೆದು ಹೊರಗೆ ಹೋದರು.

ವೀಸಾ ಕ್ಯಾನ್ಸಲ್ ಆಯಿತು, ಟಿಕೆಟು ಬಂತು. ಹೊರಡುವ ಹಿಂದಿನ ಸಂಜೆ ಡಿಸ್ಕವರಿ ಗಾರ್ಡನ್ಸಿನ ಮನೆಯ ಬೆಲ್ಲು ಹೊಡೆಯಿತು. ಬಾಗಿಲು ತೆರೆದರೆ ಮುಹಿಯುದ್ದೀನರು, ಅವರ ಹಿಂದೆ ಝಹೀರ್. ಕೀರ್ತನ್ ಒಂದು ಹೆಜ್ಜೆ ಹಿಂದೆ ಸರಿದ. ನಿಜ ಗೊತ್ತಾಗಿದೆ, ಕಾಲರ್ ಹಿಡಿಯಲು ಬಂದಿದ್ದಾರೆ ಎಂದೇ ಅಂದುಕೊಂಡ.

ಮುಹಿಯುದ್ದೀನರು ಬಂದದ್ದು ಅದಕ್ಕಲ್ಲ. ಖರ್ಜೂರದ ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು, ಕೂರಲೂ ಒಪ್ಪದೆ, ಕೀರ್ತನನ ಎರಡೂ ಕೈ ಹಿಡಿದುಕೊಂಡರು.

“ಸರ್, ನಾವು ಕಷ್ಟಪಟ್ಟು ತಿಂದವ್ರು. ಇನ್ನೊಬ್ರದ್ದಕ್ಕೆ ಕೈ ಹಾಕಿದ ಜನ ಅಲ್ಲ. ನೀವು ಸಂಬಳ ಇಲ್ಲದೆ ಕಲಿಸಿದ್ರಿ, ಇವ ನಿಮ್ಮ ಕೆಲ್ಸವನ್ನೇ ತನ್ನದು ಅಂತ ಹೇಳಿದ. ನನಗೆ ತಲೆ ಎತ್ಲಿಕ್ಕೆ ಆಗುವುದಿಲ್ಲ. ನೀವು ಮಾಫ್ ಮಾಡದೆ ಇವನನ್ನು ವಿಮಾನ ಹತ್ತಿಸುವುದಿಲ್ಲ ನಾನು.” ಆಮೇಲೆ ಮಗನ ಹೆಗಲು ಹಿಡಿದು ಮುಂದೆ ತಂದರು. “ಕೇಳು. ಕೈ ಹಿಡಿದು ಕೇಳು.”

ಹುಡುಗನ ಎಡಗೆನ್ನೆ ಇನ್ನೂ ಊದಿಕೊಂಡಿತ್ತು. ಅವನು ಅಪ್ಪನಿಗೆ ಎಲ್ಲವನ್ನೂ ಹೇಳಿದ್ದ, ಅಪ್ಪ ನಂಬಿರಲಿಲ್ಲ. ಗುರು ಸುಳ್ಳು ಹೇಳುತ್ತಾನೆಯೇ? ಝಹೀರ್ ಕೀರ್ತನನ ಮುಖವನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಈಗಲಾದರೂ ಹೇಳಿ ಸರ್, ಕಾಲೇಜಿಗೆ ಬೇಡ, ಅಪ್ಪನಿಗೊಬ್ಬನಿಗೆ ಹೇಳಿ ಎಂದು ಅದು ಬೇಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಭವ್ಯಶ್ರೀ ಚಹಾದ ಟ್ರೇ ಹಿಡಿದು ನಿಂತಿದ್ದಳು.

ಕೀರ್ತನ್ ಕಾದ.

“ಐ ಯಾಮ್ ಸಾರಿ, ಸರ್” ಎಂದ ಝಹೀರ್.

“ಛೆ ಛೆ, ಇರ್ಲಿ ಬಿಡಿ ಸಾಹೇಬ್ರೇ, ನನ್ನ ಮನಸ್ಸಲ್ಲಿ ಏನೂ ಇಲ್ಲ” ಎಂದ ಕೀರ್ತನ್. ಹುಡುಗನ ಬೆನ್ನು ತಟ್ಟಿ, “ಊರಲ್ಲಿ ನಿಯತ್ತಿಂದ ಇರು, ಆಯ್ತಾ?” ಎಂದ.

ಮುಹಿಯುದ್ದೀನರು ಅವನ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಗೊಳೋ ಎಂದು ಅತ್ತರು. ನಿಮ್ಮಂಥವರನ್ನು ಅಲ್ಲಾಹು ಚೆನ್ನಾಗಿಟ್ಟಿರಲಿ ಎಂದರು. ಅಪ್ಪ ಮಗ ಲಿಫ್ಟಿನಲ್ಲಿ ಇಳಿದುಹೋದರು.

“ಒಳ್ಳೇದು ಮಾಡಿದ್ರಿ” ಎಂದಳು ಭವ್ಯಶ್ರೀ, ಯಾರೂ ಮುಟ್ಟದ ಚಹಾ ಲೋಟಗಳನ್ನು ಎತ್ತುತ್ತ. “ಬೇರೆಯವ್ರಾಗಿದ್ರೆ ಬಾಗಿಲೇ ತೆಗೀತಿರ್ಲಿಲ್ಲ. ನಿಮ್ಮದು ದೊಡ್ಡ ಮನಸ್ಸು.”

ಕೀರ್ತನ್ ಡಬ್ಬಿ ಬಿಚ್ಚಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡ. ತಾನು ಆ ಹುಡುಗನನ್ನು ನಿಜವಾಗಿಯೂ ಕ್ಷಮಿಸಿದ್ದೇನೆಂದು ಅವನಿಗೆ ಅನಿಸತೊಡಗಿತ್ತು.