ಚಿಕ್ಕಮುನಿಯಪ್ಪನ ಸುತ್ತುದಾರಿ

ಅರವತ್ತೊಂದು ವರ್ಷ ಬದುಕಿದ ಮನುಷ್ಯನಿಗೆ ಬೆಳಿಗ್ಗೆ ಎದ್ದು ನೆಮ್ಮದಿಯಾಗಿ ನೀರು ಬಿಡಲು ಒಂದು ಗಿಡದ ಮರೆ ಸಿಗದ ಹಾಗಾದರೆ ಎಷ್ಟು ಸಿಟ್ಟು ಬರಬೇಕೋ ಅಷ್ಟು ಸಿಟ್ಟು ಚಿಕ್ಕಮುನಿಯಪ್ಪನಿಗೆ ಬಂದಿತ್ತು. ಬೋಯಿಕುಂಟೆಯ ಕೆರೆ ಏರಿಯ ಮೇಲೆ, ಕೋಡಿಯ ಪಕ್ಕದ ತಂಗಡಿ ಗಿಡಗಳ ಹಿಂದೆ ಅವನು ಹನ್ನೊಂದು ವರ್ಷದಿಂದ ದಿನಾ ಆರೂಕಾಲಿಗೆ, ಊರ ಹಾಲನ್ನು ತಣ್ಣಗಿಡುವ ಕೂಲರ್ ಕೇಂದ್ರಕ್ಕೆ ಒಯ್ಯುವ ಮೊಪೆಡ್ ಗಾಡಿ ನಿಲ್ಲಿಸಿ ಎರಡು ನಿಮಿಷ ಇಳಿಯುತ್ತಿದ್ದ. ಈಗ ಆ ಜಾಗಕ್ಕೆ ವ್ಯೂ ಪಾಯಿಂಟ್ ಎಂದು ಹೆಸರು ಬಿದ್ದಿತ್ತು. ಭಾನುವಾರ ಬಂತೆಂದರೆ ಬೆಂಗಳೂರು, ಹೊಸೂರು, ಕೆಜಿಎಫ್ ಎಲ್ಲ ಕಡೆಯಿಂದ ದಪ್ಪ ದಪ್ಪ ಬೈಕುಗಳಲ್ಲಿ ಬಂದವರು ಸರಿಯಾಗಿ ಅದೇ ಗಿಡದ ಮುಂದೆ ನಿಂತು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಂಥ ಜಾಗವನ್ನು ಯಾರು ಕಂಡುಹಿಡಿದರೋ ಎಂದು ಒಬ್ಬಳು ಹುಡುಗಿ ಅವನ ಎದುರಿಗೇ ಆಶ್ಚರ್ಯಪಟ್ಟಿದ್ದಳು. ಯಾಕೆ ಕಂಡುಹಿಡಿದದ್ದು ಎಂದು ಹೇಳುವ ಹಾಗಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಮಗಳು ರಾಧ. ಅವಳನ್ನು ಬಂಗಾರಪೇಟೆಗೆ ಕೊಟ್ಟಿತ್ತು. ಹೋದ ವರ್ಷ ಮಳೆಗಾಲದಲ್ಲಿ ಏರಿ ದಾಟಿದ ಮೇಲಿನ ಇಳುಕಲಿನಲ್ಲಿ ಗಾಡಿ ಜಾರಿ, ಕಾಲಿನ ಮೇಲೆ ಹಾಲಿನ ಕ್ಯಾನು ಬಿದ್ದು, ಅಪ್ಪ ಒಂದು ಗಂಟೆ ಹೊತ್ತು ಯಾರಿಗೂ ಕಾಣದೆ ಮಲಗಿದ್ದ ಎಂದು ತಿಳಿದಾಗ ಅವಳು ಹೌಹಾರಿ ಬಂದಳು. ಬಂದವಳು ಅವನ ಫೋನಿಗೆ ಒಂದು ಆ್ಯಪ್ ಹಾಕಿದಳು. ಮನೆ ಬಿಡುವಾಗ ಹಸಿರು ಗುಂಡಿ ಒತ್ತಬೇಕು, ತಲುಪಿದ ಮೇಲೆ ಕೆಂಪು ಗುಂಡಿ ಒತ್ತಬೇಕು. ಅವನು ಹೋದ ದಾರಿಯೆಲ್ಲ ನೀಲಿ ಗೆರೆಯಾಗಿ ಅವಳ ಫೋನಿನಲ್ಲಿ ಮೂಡುತ್ತಿತ್ತು. ಆ ಗೆರೆ ತನಗೆ ಮಾತ್ರ ಕಾಣಬೇಕೋ ಲೋಕಕ್ಕೆಲ್ಲ ಕಾಣಬೇಕೋ ಎಂದು ಆ್ಯಪ್ ಕೇಳಿದಾಗ ಅವಳು ಅವಸರದಲ್ಲಿ ಯಾವುದನ್ನೋ ಒತ್ತಿದ್ದಳು.

ಹಾಗಾಗಿ ಚಿಕ್ಕಮುನಿಯಪ್ಪ ಗುಂಡಿ ಒತ್ತಿದ್ದೇ ಒತ್ತಿದ್ದು. ಮುನ್ನೂರು ಬೆಳಿಗ್ಗೆ ಅದೇ ಗೆರೆ, ಅದೇ ತಿರುವು, ಕೋಡಿಯ ಹತ್ತಿರ ಅದೇ ಎರಡು ನಿಮಿಷ. ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಬಾಲಾಜಿ ಎಂಬ ಹುಡುಗನ ಕಣ್ಣಿಗೆ ಅದು ಬಿತ್ತು. ಬೈಕಿನಲ್ಲಿ ಸುತ್ತಲು ಒಳ್ಳೊಳ್ಳೆ ದಾರಿ ಹುಡುಕಿ, ಅದನ್ನು ತನ್ನ ಪೇಜಿನಲ್ಲಿ ಹಾಕಿ ಹತ್ತಾರು ಸಾವಿರ ಜನಕ್ಕೆ ಹಂಚುವುದೇ ಆ ಹುಡುಗನ ಹುಚ್ಚು. ಗಣಿಯ ಮಣ್ಣಿನ ದಿಬ್ಬಗಳನ್ನು ತೋರಿಸಿ ತೋರಿಸಿ ಅವನಿಗೆ ಬೇಜಾರಾಗಿತ್ತು. ಒಂದು ದಿನ ಬಂದು ಏರಿಯ ಮೇಲೆ ಓಡಿಸಿ ನೋಡಿದ; ಎರಡು ವರ್ಷದ ಮಳೆಗೆ ತುಂಬಿದ ಕೆರೆ, ಆ ಕಡೆ ಹೊಂಗೆ ಸಾಲು, ಎದುರಿಗೆ ಹುಟ್ಟುವ ಸೂರ್ಯ. ‘ತಾತನ ದಾರಿ’ ಎಂದು ಹೆಸರಿಟ್ಟು ಹಾಕಿಯೇಬಿಟ್ಟ. ಐದಕ್ಕೆ ನಾಲ್ಕೂಮುಕ್ಕಾಲು ನಕ್ಷತ್ರ ಬಂತು.

ರಾಧಳಿಗೆ ಫೋನು ಮಾಡಿ ಬೈದದ್ದಾಯಿತು. ಅವಳು ತನ್ನ ಕಡೆಯದನ್ನು ಮುಚ್ಚಿದಳು; ಬಾಲಾಜಿ ಹಂಚಿದ್ದನ್ನು ಮುಚ್ಚುವುದು ಅವಳ ಕೈಯಲ್ಲಿರಲಿಲ್ಲ. ಬಾಲಾಜಿಗೇ ಹೇಳೋಣವೆಂದರೆ ಅವನು ಬೈಸಿಕೊಳ್ಳುವ ಜಾತಿಯ ಹುಡುಗನೇ ಅಲ್ಲ. ಮನೆಗೇ ಬಂದು ಕಾಲಿಗೆ ಬಿದ್ದು, ಹಾಲಿನ ಗಾಡಿಯ ಹೆಡ್‌ಲೈಟಿನ ಕೆಳಗೆ ಒಂದು ಸ್ಟಿಕ್ಕರ್ ಅಂಟಿಸಿ, ಜೊತೆಗೊಂದು ಫೋಟೋ ತೆಗೆದುಕೊಂಡ. ಆಮೇಲೆ ಕೇಳಿದ ನೋಡಿ ಆ ಪ್ರಶ್ನೆ.

“ತಾತಾ, ಅರಳಿಕಟ್ಟೆ ತಾವ ನೇರಾ ಓದ್ರೆ ಕೂಲರ್‌ಗೆ ಒಂದೂವರೆ ಕಿಲೋಮೀಟ್ರು. ನೀವು ಏರಿ ಮೇಲೆ ನಾಲ್ಕೂವರೆ ಸುತ್ಕೊಂಡು ಓಗ್ತೀರಲ್ಲ, ಯಾಕೆ ತಾತಾ?”

ಚಿಕ್ಕಮುನಿಯಪ್ಪ ಸ್ಟಿಕ್ಕರಿನ ಕಡೆ ನೋಡುತ್ತಾ, ಗಾಳಿ ಚೆನ್ನಾಗಿರ್ತದೆ ಎಂದ. ಬಾಲಾಜಿ ಅದನ್ನೇ ಹಾಕಿದ: ಪ್ರಕೃತಿಯನ್ನು ಪ್ರೀತಿಸುವ ಹಿರಿಯ ಜೀವವೊಂದು ಗಾಳಿಗಾಗಿ ದಿನಾ ಮೂರು ಕಿಲೋಮೀಟರ್ ಸುತ್ತುತ್ತದೆ ಎಂದು. ಓದಿದ ಊರಿನವರು ನಕ್ಕರು. ಯಾಕೆಂದರೆ ಊರಿಗೆಲ್ಲ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಊರು ಅಂದುಕೊಂಡಿತ್ತು. ನೇರ ದಾರಿಯಲ್ಲಿ, ಕೆರೆಯ ಕೆಳಗಡೆ, ರಸ್ತೆಗೆ ಅಂಟಿಕೊಂಡ ಹಾಗೆ ಅವನ ಅಕ್ಕ ಅಶ್ವತ್ಥಮ್ಮನ ಮನೆಯಿತ್ತು. ಅಕ್ಕ ತಮ್ಮನಿಗೆ ಮಾತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಚಿಕ್ಕಮುನಿಯಪ್ಪ ಊರ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದ. ಆಗ ಈಗಿನ ಮಿಷನ್ ಇರಲಿಲ್ಲ; ಗಾಜಿನ ಲ್ಯಾಕ್ಟೋಮೀಟರನ್ನು ಹಾಲಿನಲ್ಲಿ ತೇಲಿಬಿಟ್ಟು ಡಿಗ್ರಿ ನೋಡುವುದು. ಆಳಕ್ಕೆ ಮುಳುಗಿದರೆ ನೀರು ಬೆರೆಸಿದ್ದಾರೆ ಎಂದು ಲೆಕ್ಕ. ಒಂದು ಸಂಜೆ ಸಾಲಿನ ಕೊನೆಯಲ್ಲಿ ಅಕ್ಕನ ಕ್ಯಾನು ಬಂತು, ಲ್ಯಾಕ್ಟೋಮೀಟರ್ ಮುಳುಗಿತು. ಮೆಲ್ಲಗೆ ಕಿವಿಯಲ್ಲಿ ಹೇಳಬಹುದಿತ್ತು. ಆದರೆ ಚೀಟಿಗಾಗಿ ಕಾಯುತ್ತಾ ಇಪ್ಪತ್ತು ಜನ ಸುತ್ತ ನಿಂತಿದ್ದರು, ಅಕ್ಕ ಎಂದು ಬಿಡುವವನಲ್ಲ ತಾನು ಎಂದು ತೋರಿಸಿಕೊಳ್ಳುವ ಚಪಲ ಅವನಿಗೆ. ನೀರು ಹಾಲು ನಮ್ಮ ಡೈರಿಗೆ ಬೇಡಮ್ಮ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕ್ಯಾನನ್ನು ಆಚೆಗೆ ತಳ್ಳಿದ. ಅಶ್ವತ್ಥಮ್ಮ ಕ್ಯಾನು ಎತ್ತಿಕೊಂಡು ಹೋದಳು. ಮತ್ತೆ ಡೈರಿಗೆ ಹಾಲು ಹಾಕಲಿಲ್ಲ. ಮೊಸರು ಮಾಡಿ ಕಾಮಸಮುದ್ರದ ಬಸ್ಸು ಹತ್ತಿ ಕೆಜಿಎಫ್‌ನ ಊರಿಗಾಂ ಕಡೆ ಮನೆ ಮನೆಗೆ ಮಾರಿದಳು. ಊರಿನಲ್ಲಿ ಅವಳಿಗೆ ‘ನೀರಾಲಮ್ಮ’ ಎಂಬ ಹೆಸರು ಅಂಟಿತು, ಚಿಕ್ಕ ಮಕ್ಕಳೂ ಹಾಗೇ ಕರೆದರು.

ಮಾರನೆಯ ಬೆಳಿಗ್ಗೆ ಡೈರಿಯಲ್ಲಿ ಎಲ್ಲರ ಹಾಲಿನಲ್ಲೂ ಲ್ಯಾಕ್ಟೋಮೀಟರ್ ಮುಳುಗಿತು. ಬೆಳಕಿಗೆ ಹಿಡಿದು ನೋಡಿದರೆ ಗಾಜಿನಲ್ಲಿ ಕೂದಲೆಳೆಯಷ್ಟು ಸೀಳು, ಒಳಗೆ ಒಂದು ತೊಟ್ಟು ಹಾಲು. ಹಿಂದಿನ ಸಂಜೆ ಅಕ್ಕನ ಹಾಲಿನಲ್ಲೂ ಆದದ್ದು ಇದೇ ಎಂದು ತಿಳಿದ ಚಿಕ್ಕಮುನಿಯಪ್ಪ, ಕೈ ಜಾರಿ ಒಡೆಯಿತು ಎಂದು ಸುಳ್ಳು ಹೇಳಿ, ಅದನ್ನು ಕೆರೆಗೆ ಎಸೆದು, ಬಂಗಾರಪೇಟೆಯಿಂದ ಹೊಸದನ್ನು ತಂದ. ನಾಳೆ ಅಕ್ಕನಿಗೆ ಹೇಳೋಣ ಎಂದುಕೊಂಡ. ನಾಳೆ ಎಂಬುದು ವಾರವಾಯಿತು, ವಾರ ತಿಂಗಳಾಯಿತು, ಆಮೇಲೆ ಹೇಳುವ ಮುಖವೇ ಉಳಿಯಲಿಲ್ಲ. ಪರೀಕ್ಷೆಯ ಕೆಲಸ ಬಿಟ್ಟು ಕ್ಯಾನು ಸಾಗಿಸುವ ಕೆಲಸ ಹಿಡಿದ. ಭಾವ ಸುಬ್ರಮಣಿ ತೀರಿಹೋದಾಗ ಕೂಡ ಸುಡುಗಾಡಿನಲ್ಲಿ ದೂರ ನಿಂತು ಬಂದ, ಮನೆಗೆ ಹೋಗಲಿಲ್ಲ. ತಮ್ಮನಿಗೆ ಅಕ್ಕನ ಮೇಲೆ ಇನ್ನೂ ಕೋಪ ಎಂದು ಊರು ಅಂದುಕೊಂಡಿತು. ಅದು ನಾಚಿಕೆ ಎಂದು ಅವನೊಬ್ಬನಿಗೇ ಗೊತ್ತು. ಆ ನಾಚಿಕೆಗೆ ಈಗ ನಾಲ್ಕೂಮುಕ್ಕಾಲು ನಕ್ಷತ್ರ ಬಂದಿತ್ತು.

ಈ ಭಾನುವಾರ ಬಾಲಾಜಿ ದೊಡ್ಡ ರೈಡ್ ಇಟ್ಟಿದ್ದ. ಬೆಳಿಗ್ಗೆ ಆರಕ್ಕೆಲ್ಲ ಅರಳಿಕಟ್ಟೆಯ ಸುತ್ತ ನಲವತ್ತು ಬೈಕು. ತಾತನೇ ಲೀಡರ್, ತಾತ ಎಲ್ಲಿ ತಿರುಗಿದರೆ ನಾವೂ ಅಲ್ಲೇ ಎಂದು ಅವನು ಎಲ್ಲರಿಗೂ ಹೇಳಿಟ್ಟಿದ್ದ. ತಾತನಿಗೆ ಮಾತ್ರ ಹೇಳಿರಲಿಲ್ಲ. ಇಪ್ಪತ್ತೆಂಟು ಮನೆಯ ಹಾಲನ್ನು ಎರಡು ಕ್ಯಾನುಗಳಲ್ಲಿ ಕಟ್ಟಿಕೊಂಡು ಬಂದ ಚಿಕ್ಕಮುನಿಯಪ್ಪ ಈ ಜಾತ್ರೆಯನ್ನು ನೋಡಿ, ಹಲ್ಲು ಕಚ್ಚಿ, ಅವರ ನಡುವೆ ನುಸುಳಿ ಏರಿ ಹತ್ತಿದ. ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ಅವನ ಗಾಡಿಯ ಪಟಪಟ ಸದ್ದು ಅವನಿಗೇ ಕೇಳಿಸುತ್ತಿರಲಿಲ್ಲ.

ಕೋಡಿಯ ಹತ್ತಿರ ಮುಂದಿನವರು ನಿಂತುಬಿಟ್ಟರು. ದೊಡ್ಡ ಡಬ್ಬಗಳನ್ನು ಕಟ್ಟಿದ ಭಾರದ ಬೈಕೊಂದು ಫೋಟೋಗೆ ಪಕ್ಕಕ್ಕೆ ಸರಿಯಲು ಹೋಗಿ, ಹಸಿ ಮಣ್ಣಿನಲ್ಲಿ ಚಕ್ರ ಹೂತು, ಏರಿಗೆ ಅಡ್ಡಲಾಗಿ ಮಲಗಿತ್ತು. ಎತ್ತಲು ಆರು ಜನ, ಹೇಗೆ ಎತ್ತಬೇಕೆಂದು ಹೇಳಲು ಹನ್ನೆರಡು ಜನ. ಆರೂವರೆ ಆಯಿತು. ಏಳಕ್ಕೆ ಕೂಲರ್ ಬಾಗಿಲು ಮುಚ್ಚುತ್ತದೆ, ಆಮೇಲೆ ಹೋದರೆ ಹಾಲು ವಾಪಸು. ಇಪ್ಪತ್ತೆಂಟು ಮನೆಗೆ ಏನೆಂದು ಉತ್ತರ ಹೇಳುವುದು? ದಾರಿ ಬಿಡ್ರಪ್ಪಾ ಎಂದು ಅವನು ಕೂಗಿದ. ಎರಡು ನಿಮಿಷ ಅಂಕಲ್ ಎಂದರು. ಇನ್ನೂ ಹತ್ತು ನಿಮಿಷ ಕಳೆಯಿತು.

ಹೋಗಲಿ ಅತ್ತ ಎಂದು ಚಿಕ್ಕಮುನಿಯಪ್ಪ ಗಾಡಿ ತಿರುಗಿಸಿದ. ಸಿಟ್ಟಿನಲ್ಲಿ ತಲೆ ಬಿಸಿಯಾಗಿ, ಎಲ್ಲಿಗೆ ತಿರುಗಿಸಿದೆ ಎಂದು ಅರಳಿಕಟ್ಟೆಗೆ ವಾಪಸು ಬರುವವರೆಗೂ ಅವನಿಗೆ ಹೊಳೆಯಲಿಲ್ಲ. ಹೊಳೆದಾಗ ಬೇರೆ ದಾರಿ ಇರಲಿಲ್ಲ. ಟಾರು ರಸ್ತೆಗೆ ಇಳಿದ. ಹಿಂದೆ ತಿರುಗಿ ನೋಡಿದರೆ ಬಾಲಾಜಿಯೂ ಅವನ ಹಿಂದೆ ಇಪ್ಪತ್ತು ಬೈಕುಗಳೂ ಸಾಲಾಗಿ ಬರುತ್ತಿದ್ದವು. ಕೈ ಬೀಸಿ ಓಗ್ರೋ ಎಂದರೆ ಅವರೂ ಖುಷಿಯಾಗಿ ಕೈ ಬೀಸಿದರು.

ಅಕ್ಕನ ಮನೆಯ ಮುಂದೆ ರಸ್ತೆಗೆ ಅಡ್ಡಲಾಗಿ ಹಸು ನಿಂತಿತ್ತು. ಹಗ್ಗ ಹಿಡಿದು ಅಶ್ವತ್ಥಮ್ಮ ನಿಂತಿದ್ದಳು. ಬೆನ್ನು ಬಾಗಿ, ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳು ಹಸುವನ್ನು ಸರಿಸಲಿಲ್ಲ. ಚಿಕ್ಕಮುನಿಯಪ್ಪ ಬ್ರೇಕು ಹಾಕಿದ, ಹಿಂದಿನವರೆಲ್ಲ ನಿಂತರು, ಒಂದೊಂದೇ ಇಂಜಿನ್ ಆರಿತು.

“ಏನ್ಲಾ, ದಾರಿ ತಪ್ತಾ?” ಎಂದಳು.

ಏರಿ ಮೇಲೆ ಗಾಡಿ ಅಡ್ಡ ಬಿದ್ದಿದೆ ಎಂದು ಅವನು ಗೊಣಗಿದ.

“ಗೊತ್ತು. ಇಲ್ಲಿಂದ ಕಾಣ್ತದೆ.”

ಅವನು ತಿರುಗಿ ನೋಡಿದ. ಅವಳ ಜಗಲಿಯ ಎದುರಿಗೆ ಕೆರೆ ಏರಿ ಈ ತುದಿಯಿಂದ ಆ ತುದಿಯವರೆಗೆ ಒಂದು ಮರದ ಅಡ್ಡವೂ ಇಲ್ಲದೆ ಕಾಣುತ್ತಿತ್ತು. ಕೋಡಿ, ತಂಗಡಿ ಗಿಡ, ಬಿದ್ದ ಬೈಕು, ಎತ್ತುತ್ತಿದ್ದವರ ಕೈಕಾಲು ಎಲ್ಲ ಕಾಣುತ್ತಿತ್ತು. ಏರಿಯ ಮೇಲೆ ಹೋಗುವಾಗ ಅವನು ಒಂದು ದಿನವೂ ಈ ಕಡೆ ತಲೆ ತಿರುಗಿಸಿದವನಲ್ಲ.

“ದಿನಾ ಕಾಣ್ತದೆ. ಆರೂಕಾಲ್ಗೆ ಬತ್ತೀಯ, ಕೋಡಿ ತಾವ ಇಳೀತೀಯ, ತಿರ್ಗಾ ಗಾಡಿ ಅತ್ತೀಯ, ಓಗ್ತೀಯ. ಕಾಲು ಜಜ್ಕೊಂಡ್ರೂ ಅಂಗೇ ಓಗ್ತೀಯ. ನನ್ ಮುಖ ನೋಡಿದ್ರೆ ಆಲು ಒಡ್ದೋಗ್ತದಾ?”

ನಾಲ್ಕು ವಾರದಿಂದ ಬಾಲಾಜಿಯ ಮೇಲೆ, ಮಗಳ ಮೇಲೆ, ಆ್ಯಪ್‌ನ ಮೇಲೆ ಕುದಿಯುತ್ತಿದ್ದ ಸಿಟ್ಟೆಲ್ಲ ಆಗ ಅವನ ಮೇಲೆಯೇ ತಿರುಗಿತು. ಇನ್ನು ಸುತ್ತುವುದಕ್ಕೆ ದಾರಿಯೇ ಇರಲಿಲ್ಲ.

“ನಿನ್ ಆಲಲ್ಲಿ ನೀರಿರ್ಲಿಲ್ಲಕ್ಕಾ,” ಎಂದ. “ಲ್ಯಾಕ್ಟೋಮೀಟ್ರು ಸೀಳಿತ್ತು. ಮಾರ್ನೇ ದಿನಾನೇ ಗೊತ್ತಾಯ್ತು. ನಿಂಗೆ ಏಳ್ಲಿಲ್ಲ.”

ಅಶ್ವತ್ಥಮ್ಮ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.  

“ಅವತ್ತು ಡೈರಿ ತಾವ ಇಂಗೆ ಗೊಣಗ್ಲಿಲ್ವಲ್ಲ ನೀನು. ಎಲ್ರಿಗೂ ಕೇಳಂಗೆ ಏಳ್ದೆ. ಈಗ್ಲೂ ಅಂಗೇ ಏಳು.”

ಯಾರಿಗೆ ಎಂದು ಅವನು ಕೇಳಿದ. ಅವಳು ಗದ್ದ ಎತ್ತಿ ಅವನ ಹಿಂದೆ ತೋರಿಸಿದಳು. ಹೆಲ್ಮೆಟ್ಟಿನ ಇಪ್ಪತ್ತು ತಲೆಗಳು ಅವರನ್ನೇ ನೋಡುತ್ತಿದ್ದವು. ಕೆಲವರು ಫೋನು ಹಿಡಿದಿದ್ದರು.

ಚಿಕ್ಕಮುನಿಯಪ್ಪ ಗಾಡಿಗೆ ಸ್ಟ್ಯಾಂಡು ಹಾಕಿ ಅವರ ಕಡೆ ತಿರುಗಿದ. 

“ಇವ್ಳು ನಮ್ಮಕ್ಕ ಅಶ್ವತ್ಥಮ್ಮ. ಇವ್ಳ ಆಲಲ್ಲಿ ಒಂದ್ ತೊಟ್ಟು ನೀರಿರ್ಲಿಲ್ಲ. ನೀರದೆ ಅಂತ ನಾನು ಜನದ ಮುಂದೆ ಮಾನ ಕಳ್ದೆ. ತಪ್ಪು ಅಂತ ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಇವ್ಳಿಗೆ ಮುಖ ತೋರ್ಸಕ್ಕಾಗ್ದೆ ಆ ಏರಿ ಮೇಲೆ ಓಗ್ತಿದ್ದೆ. ಗಾಳಿಗಲ್ಲ.”

ಹಿಂದೆ ಯಾರೋ ಇದು ಊರಿನ ಪರಿಚಯ ಭಾಷಣವೆಂದು ತಿಳಿದು ಚಪ್ಪಾಳೆ ತಟ್ಟಿದರು. ಬಾಲಾಜಿ ಕೈ ಎತ್ತಿ ಅವರನ್ನು ತಡೆದ. ಫೋನನ್ನು ಜೇಬಿಗೆ ಇಟ್ಟ. ಆಮೇಲೆ ಕನ್ನಡ ಬಾರದವರಿಗಾಗಿ ತಾತ ಹೇಳಿದ್ದನ್ನು ತಗ್ಗಿದ ದನಿಯಲ್ಲಿ ಒಮ್ಮೆ ತಮಿಳಿನಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದ. ಒಂದು ಮಾತೂ ಬಿಡಲಿಲ್ಲ. ಚಿಕ್ಕಮುನಿಯಪ್ಪ ತಲೆ ತಗ್ಗಿಸಿ ಆ ಎರಡು ಭಾಷೆಯಲ್ಲೂ ಕೇಳಿಸಿಕೊಂಡ. ಒಬ್ಬೊಬ್ಬರಾಗಿ ಹೆಲ್ಮೆಟ್ಟು ತೆಗೆದರು.

ಮುಗಿಯಿತು ಎಂದು ಅವನಿಗೆ ಅನಿಸಿತು. ಹನ್ನೊಂದು ವರ್ಷದ ಭಾರ ಇಳಿದ ಹಾಗೆ ಒಂದು ಉಸಿರು ಬಿಟ್ಟ. ಅಕ್ಕ ಈಗ ಅಳಬಹುದು, ಇಲ್ಲವೇ ಕೆನ್ನೆಗೆ ಹೊಡೆಯಬಹುದು, ಎರಡಕ್ಕೂ ಅವನು ಸಿದ್ಧನಿದ್ದ.

ಅಶ್ವತ್ಥಮ್ಮ ಹಸುವಿನ ತಲೆಯ ಮೇಲೆ ಕೈ ಇಟ್ಟಳು.

“ಅವಾಗ ಆಲು ಕರೀತಿದ್ದೋರು ನಿಮ್ಮ ಭಾವ,” ಎಂದಳು. ದನಿ ಅವನೊಬ್ಬನಿಗೆ ಕೇಳುವಷ್ಟು ಮಾತ್ರ ಇತ್ತು. “ನನ್ ತಮ್ಮ ಸುಳ್ಳು ಏಳಲ್ಲ, ನೀವೇ ನೀರು ಉಯ್ದಿರ್ಬೇಕು ಅಂದೆ. ಅಸಿನ ತಲೆ ಮೇಲೆ ಇಂಗೇ ಕೈ ಇಟ್ಟು ಆಣೆ ಮಾಡಿದ್ರು. ನಾನು ನಂಬ್ಲಿಲ್ಲ ಕಣ್ಲಾ. ಸಾಯೋ ಗಂಟ ಅವ್ರ ಕೈಗೆ ಆಲು ಕರೆಯೋ ಚೊಂಬು ಕೊಡ್ಲಿಲ್ಲ.”

 ತನ್ನ ಮಾತಿನ ಏಟು ಭಾವನಿಗೂ ಬಿದ್ದಿರಬಹುದೆಂದು ಚಿಕ್ಕಮುನಿಯಪ್ಪನಿಗೆ ಇಷ್ಟು ವರ್ಷ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಹಗ್ಗ ಜಗ್ಗಿ ಹಸುವನ್ನು ಪಕ್ಕಕ್ಕೆ ಎಳೆದುಕೊಂಡಳು.

“ಓಗು,” ಎಂದಳು. “ಆಲು ಒಡ್ದೋಗ್ತದೆ.”

ರಸ್ತೆ ಖಾಲಿಯಾಗಿತ್ತು, ಏಳಕ್ಕೆ ಇನ್ನೂ ಐದು ನಿಮಿಷವಿತ್ತು. ಚಿಕ್ಕಮುನಿಯಪ್ಪ ಪೆಡಲಿನ ಮೇಲೆ ಕಾಲಿಟ್ಟ, ತುಳಿಯಲಿಲ್ಲ. ಹಿಂದಿದ್ದವರು ಯಾರೂ ಹಾರ್ನ್ ಮಾಡಲಿಲ್ಲ.